ಊರ ಹೆಸರು ಹೊತ್ತ ತಂಡಗಳು

ಕನ್ನಡ ದಿನಪತ್ರಿಕೆಯನ್ನು ಬೆಳಗ್ಗೆ ಕೈಗೆತ್ತಿಕೊಳ್ಳುವ ಓದುಗರಲ್ಲಿ ಸ್ಥೂಲವಾಗಿ ಎರಡು ಪಂಗಡಗಳುಂಟು. ಆಟೋಟಗಳ ಪುಟದಿಂದ ಆರಂಭಿಸಿ, ಉಳಿದುದನ್ನು ಹೊತ್ತಿದ್ದರೆ ನೋಡಿದರಾಯಿತು ಎಂದುಕೊಳ್ಳುವವರು ಒಂದು ಪಂಗಡ. ನಲ್ಲಿಯಲ್ಲಿ ನೀರು ಎಂದು ಬರುತ್ತದೆ, ಯಾವ ರಸ್ತೆಯನ್ನು ಅಗೆದಿದ್ದಾರೆ, ನಗರಸಭೆಯಲ್ಲಿ ಯಾರು ಯಾರ ಮೇಲೆ ಕೂಗಾಡಿದರು ಎಂಬ ಊರಿನ ಸಮಾಚಾರವನ್ನು ಮೊದಲು ಅರಸಿ, ಆಟದ ಪುಟವನ್ನು ಮನೆಯ ಹುಡುಗರಿಗೆ ಬಿಟ್ಟುಕೊಡುವವರು ಮತ್ತೊಂದು ಪಂಗಡ. ಮೊದಲನೆಯವರಿಗೆ ಎರಡನೆಯವರು ರಸಹೀನರಾಗಿ ತೋರುತ್ತಾರೆ. ಎರಡನೆಯವರಿಗೆ ಮೊದಲನೆಯವರು ಇನ್ನೂ ಬೆಳೆಯದವರಾಗಿ ತೋರುತ್ತಾರೆ. ಪತ್ರಿಕೆಗಳೂ ಈ ಭೇದವನ್ನು ಒಪ್ಪಿಕೊಂಡು, ಒಂದು ಪುಟದಲ್ಲಿ ಊರನ್ನೂ ಮತ್ತೊಂದರಲ್ಲಿ ಆಟವನ್ನೂ ಇರಿಸಿ, ನಡುವೆ ಜಾಹೀರಾತುಗಳ ಗೋಡೆಯನ್ನೆಬ್ಬಿಸಿವೆ.

ಈ ಭೇದವು ಸಹಜವಾದುದಲ್ಲ, ಹಿತಕರವಾದುದೂ ಅಲ್ಲ ಎಂಬುದು ನನ್ನ ಮತ. ಊರಿನ ತಂಡವೊಂದರ ಸೋಲುಗೆಲವುಗಳಿಗಾಗಿ ಮಿಡಿಯುವುದು ಊರಿನ ಆಗುಹೋಗುಗಳನ್ನು ವಿಚಾರಿಸಿಕೊಳ್ಳುವುದರ ಒಂದು ಪ್ರಕಾರವೇ ಆಗಿದೆ. ಊರಿನ ಅರಿವಿನಿಂದ ಪೋಷಣೆಯನ್ನು ಪಡೆಯದ ಕ್ರೀಡಾಭಿಮಾನವು ಕೆಲಕಾಲದಲ್ಲಿ ಒಣಗಿಹೋಗುತ್ತದೆ, ಇಲ್ಲವೆ ಉನ್ಮಾದವಾಗಿ ಪರಿಣಮಿಸುತ್ತದೆ. ಈ ಎರಡು ಪರಿಣಾಮಗಳಿಗೂ ನಮ್ಮ ನಾಡಿನಲ್ಲಿಯೇ ಉದಾಹರಣೆಗಳಿರುವುದರಿಂದ ದೂರದ ದೇಶಗಳಿಗೆ ಹೋಗಬೇಕಾದ ಪ್ರಮೇಯವಿಲ್ಲ.

ಅಭಿಮಾನವೂ ವಾರ್ತೆಯೂ ಒಂದೇ ಆಗಿದ್ದ ಕಾಲವೊಂದಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅದೇ ಋತುವಿನಲ್ಲಿ, ಹೊಸ ಹೆಸರನ್ನು ಹೊತ್ತು ಎರಾಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಕಣಕ್ಕಿಳಿದ ರಣಜಿ ತಂಡವು, 15 ವರ್ಷ ಎಡೆಬಿಡದೆ ಆ ಪಾರಿತೋಷಕವನ್ನು ತನ್ನ ಸ್ವತ್ತೆಂಬಂತೆ ಇರಿಸಿಕೊಂಡಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲ್ ಪಂದ್ಯದಲ್ಲಿ ಮೊದಲ ಇನಿಂಗ್ಸಿನ ಮುನ್ನಡೆಯಿಂದ ಹಿಂದಿಕ್ಕಿ, ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊತ್ತಮೊದಲ ಬಾರಿಗೆ ಚಾಂಪಿಯನ್ ಎನಿಸಿಕೊಂಡಿತು. ಮುಂಬಯಿಯ ವಿರುದ್ಧ ಗುಂಡಪ್ಪ ವಿಶ್ವನಾಥರು 162 ರನ್ನುಗಳನ್ನೂ ಬ್ರಿಜೇಶ್ ಪಟೇಲರು 106 ರನ್ನುಗಳನ್ನೂ ಗಳಿಸಿದ್ದು ಅಂಕಿಅಂಶದ ವಿಷಯ. ಆದರೆ ಆ ಗೆಲವು ರಾಜ್ಯಕ್ಕೆ ಹೊಸ ಹೆಸರು ದೊರೆತ ಕೆಲವೇ ತಿಂಗಳುಗಳಲ್ಲಿ ಬಂದುದರಿಂದ, ಅದು ಆಟದ ವಾರ್ತೆಯೋ ರಾಜ್ಯದ ವಾರ್ತೆಯೋ ಎಂದು ವಿಂಗಡಿಸುವ ಗೋಜಿಗೆ ಯಾರೂ ಹೋಗಬೇಕಾಗಿರಲಿಲ್ಲ. ವಿಶ್ವನಾಥರು ಹುಟ್ಟಿದ ಭದ್ರಾವತಿಯಲ್ಲಿ ಅದು ಭದ್ರಾವತಿಯ ವಾರ್ತೆಯೂ ಆಗಿತ್ತು.

ಆಟಗಾರನೊಬ್ಬನು ಯಾವ ಊರಿನ ಯಾವ ಮೈದಾನದಿಂದ, ಯಾವ ಕಷ್ಟವನ್ನು ದಾಟಿ ಬಂದನೆಂಬುದನ್ನು ಬಲ್ಲವನಿಗೆ ಆಟವು ಬೇರೆಯೇ ಆಗಿ ಕಾಣುತ್ತದೆ. ಗದಗಿನ ಸುನಿಲ್ ಜೋಶಿಯವರು ಬಾಲ್ಯದಲ್ಲಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಮರಳುತ್ತಿದ್ದರೆಂಬುದನ್ನು ತಿಳಿದವನು, ಭಾರತದ ಪರವಾಗಿ ಅವರು ಎಸೆದ ಒಂದೊಂದು ಓವರಿನಲ್ಲಿಯೂ ಗದಗು ಹುಬ್ಬಳ್ಳಿಗಳ ನಡುವಣ ದೂರವನ್ನು ಕಾಣುತ್ತಾನೆ. ಆ ಊರಿನಲ್ಲಿಯೇ ಒಂದು ಒಳ್ಳೆಯ ಪಿಚ್ಚು ಏಕಿರಲಿಲ್ಲ, ಈಗಲಾದರೂ ಇದೆಯೇ ಎಂಬ ಪ್ರಶ್ನೆಯೂ ಅವನಲ್ಲಿ ತಾನಾಗಿ ಮೂಡುತ್ತದೆ. ದಾವಣಗೆರೆಯ ವಿನಯ್ ಕುಮಾರರು 2013-14 ಮತ್ತು 2014-15ರಲ್ಲಿ ಎರಡು ವರ್ಷ ಸತತವಾಗಿ ಕರ್ನಾಟಕಕ್ಕೆ ರಣಜಿ ಪಾರಿತೋಷಕವನ್ನು ದೊರಕಿಸಿಕೊಟ್ಟಾಗ, ದಾವಣಗೆರೆ ಎಕ್ಸ್‌ಪ್ರೆಸ್ ಎಂಬ ಅವರ ಅಡ್ಡಹೆಸರಿನಲ್ಲಿ ಆ ಊರಿಗೂ ಒಂದು ಪಾಲು ಸಂದಿತು. ಅಭಿಮಾನವು ಹೀಗೆ ಆಟಗಾರನಿಂದ ಅವನ ಊರಿಗೂ, ಊರಿನಿಂದ ಅಲ್ಲಿಯ ಕ್ಲಬ್ಬಿಗೂ, ಕ್ಲಬ್ಬಿನಿಂದ ಅದರ ಮೈದಾನವನ್ನು ಕಾಯ್ದವರಿಗೂ ಹಬ್ಬುತ್ತಾ ಹೋದಾಗಲೇ ಅದಕ್ಕೆ ಆಯುಷ್ಯ.

2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್ ಪಂದ್ಯವನ್ನು ಇಲ್ಲಿ ನೆನೆಯಬೇಕು. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಕುಸಿದು, ಗೆಲವಿಗೆ 338 ರನ್ನುಗಳೆಂಬ ದುಸ್ಸಾಧ್ಯವಾದ ಗುರಿಯನ್ನು ಎದುರಿಸಿದ ಕರ್ನಾಟಕವು, ಮನೀಶ್ ಪಾಂಡೆಯವರ 144 ರನ್ನುಗಳ ಸಾಹಸದಿಂದ ಗುರಿಯ ಅಂಚಿಗೆ ಬಂದು, ಕೇವಲ 6 ರನ್ನುಗಳಿಂದ ಮುಂಬಯಿಗೆ ಸೋತಿತು. ವಿಶ್ವವಿದ್ಯಾನಿಲಯದ ಆವರಣದ ಆ ಮೈದಾನಕ್ಕೆ ದೊಡ್ಡ ಕ್ರೀಡಾಂಗಣಗಳ ವೈಭವವೇನೂ ಇಲ್ಲ. ಆದರೂ ವಿದ್ಯಾರ್ಥಿಗಳೂ ಊರಿನವರೂ ಕಿಕ್ಕಿರಿದು ಸೇರಿದ ಆ ಪಂದ್ಯವು ಮೈಸೂರಿಗರ ಸ್ಮೃತಿಯಲ್ಲಿ ಗೆದ್ದ ಅನೇಕ ಪಂದ್ಯಗಳಿಗಿಂತ ಗಟ್ಟಿಯಾಗಿ ನಿಂತಿದೆ. ಏಕೆಂದರೆ ಆ ಸೋಲು ತಮ್ಮ ಊರಿನಲ್ಲಿ, ತಮ್ಮ ಕಣ್ಣೆದುರಿನಲ್ಲಿ ಸಂಭವಿಸಿದ ಸ್ವಂತದ ಸೋಲಾಗಿತ್ತು.

ಈಚಿನ ಕಾಲದ ಫ್ರಾಂಚೈಸಿ ತಂಡಗಳಿಗೆ ಈ ಬಗೆಯ ಬೇರುಗಳಿಲ್ಲವೆಂದು ಹಳಬರು ಮೂಗುಮುರಿಯುವುದುಂಟು. ಆ ತಿರಸ್ಕಾರದಲ್ಲಿ ನಾನು ಪಾಲುದಾರನಲ್ಲ. ಐಪಿಎಲ್ ಕ್ರಿಕೆಟ್ಟಿನ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು 2008ರಲ್ಲಿ ಹುಟ್ಟಿದ್ದು ಹರಾಜಿನ ಕೂಗಿನಲ್ಲಿ ನಿಜ. ಮೊದಲ ಪಂದ್ಯದಲ್ಲಿಯೇ ಕೋಲ್ಕತ್ತದ ಬ್ರೆಂಡನ್ ಮೆಕಲಮ್ 158 ರನ್ನುಗಳನ್ನು ಬಾರಿಸಿ ಬೆಂಗಳೂರಿನ ಜನರನ್ನು ದಂಗುಬಡಿಸಿದರು. 2009, 2011, 2016ರ ಫೈನಲ್ ಪಂದ್ಯಗಳಲ್ಲಿ, ಅವುಗಳಲ್ಲಿ ಕೊನೆಯದು ತವರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ, ತಂಡವು ಸೋತಿತು. ಲಾಭನಷ್ಟದ ಲೆಕ್ಕ ಹಾಕುವ ಗಿರಾಕಿಯಾಗಿದ್ದರೆ ಎಂದೋ ಅಂಗಡಿಯನ್ನು ಬದಲಿಸಿರುತ್ತಿದ್ದ. ನಮ್ಮ ಜನ ಬದಲಿಸಲಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ಉದ್ಘೋಷವನ್ನು ಅನ್ಯರು ಗೇಲಿಯ ಮಾತಾಗಿಸಿದಾಗಲೂ, ಆ ಗೇಲಿಯಲ್ಲಿ ತಾವೂ ಸೇರಿಕೊಂಡು ನಕ್ಕು, ಮುಂದಿನ ವರ್ಷ ಅದನ್ನೇ ಮತ್ತೆ ಕೂಗಿದರು. ಅಷ್ಟರಲ್ಲಿ ದಕ್ಷಿಣ ಆಫ್ರಿಕದ ಡಿವಿಲಿಯರ್ಸ್ ನಮ್ಮ ಊರಿನ ಹುಡುಗನಂತಾದರು. ಹಣ ಕೊಟ್ಟು ಕೊಂಡ ಹೆಸರನ್ನು ಜನರು ತಮ್ಮ ನಿಷ್ಠೆಯಿಂದ ಊರಿನ ಹೆಸರಾಗಿ ಮಾರ್ಪಡಿಸಿದರು. ಸ್ಮೃತಿ ಮಂಧಾನರ ನಾಯಕತ್ವದ ಮಹಿಳೆಯರ ತಂಡವು 2024ರ ಮಾರ್ಚಿನಲ್ಲಿ ಪುರುಷರಿಗಿಂತ ಮೊದಲೇ ಕಪ್ಪನ್ನು ಗೆದ್ದುಕೊಟ್ಟಾಗ ನಗರವು ಸಂಭ್ರಮಿಸಿದ ರೀತಿಯನ್ನು ಕಂಡವರು ಈ ಅಭಿಮಾನವನ್ನು ಕೃತಕವೆನ್ನಲಾರರು.

ಅಭಿಮಾನವು ನಿಜವಾದುದೆಂದು ಒಪ್ಪಿದ ಮೇಲೆಯೇ ಮುಂದಿನ ಪ್ರಶ್ನೆ ಏಳುತ್ತದೆ: ಇಷ್ಟೊಂದು ಅಭಿಮಾನವನ್ನು ಪಡೆಯುವ ತಂಡವು ಊರಿಗೆ ಏನನ್ನು ಹಿಂದಿರುಗಿಸುತ್ತಿದೆ, ಮತ್ತು ಅದನ್ನು ಕೇಳುವ ತಿಳಿವಳಿಕೆ ಅಭಿಮಾನಿಗೆ ಎಲ್ಲಿಂದ ಬರಬೇಕು? ಐಪಿಎಲ್ಲಿನ ಮೊದಲ ವರ್ಷಗಳಲ್ಲಿ ಆಯಾ ಪ್ರದೇಶದ ಕೆಲವು ಆಟಗಾರರನ್ನು ತಂಡದಲ್ಲಿ ಇರಿಸಿಕೊಳ್ಳಬೇಕೆಂಬ ನಿಯಮವಿತ್ತು. ರಾಹುಲ್ ದ್ರಾವಿಡರು ಬೆಂಗಳೂರಿನ ಐಕಾನ್ ಆಟಗಾರರಾಗಿ ತಂಡವನ್ನು ನಡೆಸಿದರು, ಮರುವರ್ಷ ಅನಿಲ್ ಕುಂಬ್ಳೆಯವರು ಅದನ್ನು ಫೈನಲ್ ಪಂದ್ಯದವರೆಗೆ ಒಯ್ದರು. ಕಾಲಕ್ರಮದಲ್ಲಿ ಆ ನಿಯಮವು ಮರೆಯಾಯಿತು. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡದ ಕಥೆ ಇನ್ನೂ ವಿಚಿತ್ರ: 2017ರಲ್ಲಿ ಅದು ತನ್ನ ತವರಿನ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ! ಮುಂದಿನ ಆವೃತ್ತಿಯಲ್ಲಿ, ಎಂದರೆ 2019ರ ಜನವರಿಯಲ್ಲಿ, ಪವನ್ ಸೆಹ್ರಾವತರ 22 ಅಂಕಗಳ ಅದ್ಭುತ ದಾಳಿಯಿಂದ ಅದು ಮುಂಬಯಿಯಲ್ಲಿ ಚಾಂಪಿಯನ್ ಆಯಿತು. ಕಬಡ್ಡಿಯು ಊರೂರಿನ ಜಾತ್ರೆಗಳಲ್ಲಿ ಇಂದಿಗೂ ನಡೆಯುವ ನಾಡಿನ ತಂಡಕ್ಕೆ ತನ್ನ ಮನೆಯಂಗಳದಲ್ಲಿ ಆಡುವ ಅವಕಾಶ ಏಕೆ ಒದಗಲಿಲ್ಲವೆಂಬುದು ಕ್ರೀಡಾಂಗಣದ ಆಡಳಿತಕ್ಕೆ, ಬಾಡಿಗೆಗೆ, ಸರಕಾರದ ಇಲಾಖೆಗೆ ಸಂಬಂಧಿಸಿದ ಪ್ರಶ್ನೆ. ಎಂದರೆ ಅಪ್ಪಟ ನಗರವಾರ್ತೆಯ ಪ್ರಶ್ನೆ.

ರಾಜ್ಯದೊಳಗಿನ ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯಲ್ಲಿಯೂ ಇದೇ ಕೊರತೆಯಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಗಳ ಹೆಸರು ಹೊತ್ತ ತಂಡಗಳು ಅಲ್ಲಿ ಸೆಣಸುತ್ತವೆ. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಗೆದ್ದಿತು, ಗೆದ್ದುದು ಬೆಂಗಳೂರಿನಲ್ಲಿ. ಆ ತಂಡದ ಜಯವನ್ನು ಹುಬ್ಬಳ್ಳಿಯ ಬಾಲಕನು ದೂರದರ್ಶನದಲ್ಲಿಯೇ ಕಾಣಬೇಕಾಯಿತು, ಅದೂ ಹುಬ್ಬಳ್ಳಿಯ ರಾಜನಗರದಲ್ಲಿ ಕ್ರಿಕೆಟ್ ಸಂಸ್ಥೆಯದೇ ಆದ ಸುಸಜ್ಜಿತ ಮೈದಾನವಿರುವಾಗ. ಎಲ್ಲ ಪಂದ್ಯಗಳನ್ನೂ ಒಂದೇ ಕಡೆ ನಡೆಸಿದರೆ ಖರ್ಚು ಕಡಮೆ, ಪ್ರಸಾರಕ್ಕೆ ಅನುಕೂಲ ಎಂಬ ವ್ಯವಸ್ಥಾಪಕರ ವಾದವು ಅರ್ಥವಾಗದುದೇನಲ್ಲ. ಆದರೆ ಊರಿನ ಹೆಸರನ್ನು ಮಾತ್ರ ಎರವಲು ಪಡೆದು, ಊರಿನ ಜನರಿಂದ ದೂರವೇ ಉಳಿಯುವ ತಂಡಕ್ಕೆ ಆ ಹೆಸರನ್ನಿಟ್ಟ ಪ್ರಯೋಜನವೇನು? ಇನ್ನು ವಿಜಯಪುರದಲ್ಲಿಯೋ ಕೋಲಾರದಲ್ಲಿಯೋ ಇರುವ ಅಭಿಮಾನಿಗೆ, ತನ್ನ ಜಿಲ್ಲೆಯ ಹುಡುಗರು ಆಡುವ ವಲಯ ಮಟ್ಟದ ಲೀಗ್ ಪಂದ್ಯಗಳ ಫಲಿತಾಂಶವೇ ಪತ್ರಿಕೆಯಲ್ಲಿ ಸಿಗುವುದಿಲ್ಲ. ತಂಡಕ್ಕೆ ಏರುವ ಮೆಟ್ಟಿಲುಗಳನ್ನು ಯಾರೂ ತೋರಿಸದಿದ್ದರೆ, ಮೇಲಂತಸ್ತಿನಲ್ಲಿ ನಿಂತವರು ಆಕಾಶದಿಂದ ಇಳಿದವರೆಂದೇ ಜನ ಭಾವಿಸುತ್ತಾರೆ.

ಫುಟ್‌ಬಾಲಿನಲ್ಲಿ ಈ ವಿಸ್ಮೃತಿಯು ಮತ್ತೂ ದೊಡ್ಡದು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲಪಿ, 2018-19ರಲ್ಲಿ ಐಎಸ್‌ಎಲ್ ಪ್ರಶಸ್ತಿಯನ್ನೂ ಪಡೆಯಿತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅದರ ಅಭಿಮಾನಿ ಬಳಗವು ತೊಂಬತ್ತು ನಿಮಿಷವೂ ನಿಂತುಕೊಂಡೇ ಹಾಡುವುದನ್ನು ಕಂಠೀರವ ಕ್ರೀಡಾಂಗಣದಲ್ಲಿ ಕಂಡವರಿಗೆ, ಈ ನಗರದಲ್ಲಿ ಫುಟ್‌ಬಾಲ್ ಆಗಲೇ ಹುಟ್ಟಿತೇನೋ ಎನಿಸಿದರೆ ಆಶ್ಚರ್ಯವಿಲ್ಲ. ವಸ್ತುತಃ 1937ರಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಆ ಪಂದ್ಯಾವಳಿಯಲ್ಲಿ ಜಯಶಾಲಿಯಾದ ಮೊದಲ ಭಾರತೀಯ ತಂಡವೆನಿಸಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್; ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಪ್ರಸಿದ್ಧ ಪಂಚಪಾಂಡವರಲ್ಲೊಬ್ಬರಾಗಿ ಮೆರೆದ ಅಹಮದ್ ಖಾನರು ಕೂಡ ಬೆಂಗಳೂರಿನವರೇ. ಬೆಂಗಳೂರಿನ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. 2023ರ ಮಾರ್ಚಿನಲ್ಲಿ ಕರ್ನಾಟಕವು 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದಾಗ, ಅದು ರಿಯಾದಿನಲ್ಲಿ ನಡೆದ ಪಂದ್ಯವಾಗಿದ್ದರೂ, ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಅದಕ್ಕೆ ದೊರೆಯಬೇಕಾಗಿದ್ದ ಗೌರವವು ದೊರೆಯಿತೆಂದು ನನಗೆ ತೋರುವುದಿಲ್ಲ. ಈ ಪರಂಪರೆಯ ಅರಿವಿದ್ದ ಅಭಿಮಾನಿಗೆ ಒಂದು ಸೋಲು ಒಂದು ಋತುವಿನ ಸೋಲು ಮಾತ್ರ. ಅರಿವಿಲ್ಲದವನಿಗೆ ಅದೇ ಸರ್ವನಾಶ.

ಉನ್ಮಾದದ ಮಾತಿಗೆ ಈಗ ಬರಬೇಕಾಗಿದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ನಡೆದ ಐಪಿಎಲ್ ಫೈನಲ್ ಪಂದ್ಯದಲ್ಲಿ ರಾಯಲ್ ಚಾಲೆಂಜರ್ಸ್ ತಂಡವು ಪಂಜಾಬನ್ನು 6 ರನ್ನುಗಳಿಂದ ಸೋಲಿಸಿತು. ಮೈಸೂರಿನಲ್ಲಿ ಕೈತಪ್ಪಿದ್ದೂ ಆರು ರನ್ನು, ಇಲ್ಲಿ ಕೈಸೇರಿದ್ದೂ ಆರು ರನ್ನು. ಮರುದಿನ ಸುಮಾರು 35,000 ಮಂದಿಗೆ ಸ್ಥಳವಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದು, ದ್ವಾರಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜೀವಗಳು ನಂದಿಹೋದವು. ತಮ್ಮ ತಂಡದ ಗೆಲವನ್ನು ಕಣ್ತುಂಬ ನೋಡಬೇಕೆಂದು ಬಂದ ಆ ತರುಣ ತರುಣಿಯರದು ಯಾವ ಅಪರಾಧವೂ ಇಲ್ಲ. ಅವರನ್ನು ಕರೆದು ಕಾಯದೆ ಹೋದ ಹೊಣೆಗಾರರನ್ನು ನಿರ್ಣಯಿಸುವುದು ಕಾನೂನಿನ ಕಾರ್ಯ. ಘಟನೆಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮೈಕೆಲ್ ಡಿಕುನ್ಹ ಆಯೋಗವು, ಆ ಕ್ರೀಡಾಂಗಣದ ರಚನೆಯೇ ದೊಡ್ಡ ಜನಸಂದಣಿಗೆ ತಕ್ಕುದಲ್ಲವೆಂದು ಅಭಿಪ್ರಾಯಪಟ್ಟಿತು. ಅಲ್ಲಿ ನಡೆಯಬೇಕಾಗಿದ್ದ ಆ ವರ್ಷದ ಮಹಾರಾಜ ಟ್ರೋಫಿಯು ಮೈಸೂರಿಗೂ, ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೂ ಸ್ಥಳಾಂತರಗೊಂಡವು.

ಇಲ್ಲಿ ನಾವು ಗಮನಿಸಬೇಕಾದುದು ಇಷ್ಟೆ. ದ್ವಾರಗಳೆಷ್ಟು, ಅವುಗಳ ಅಗಲವೆಷ್ಟು, ಅವು ತೆರೆಯುವುದು ಕಾಲುದಾರಿಗೋ ರಸ್ತೆಗೋ, ಮೆಟ್ರೋ ನಿಲ್ದಾಣದಿಂದ ಬರುವವರಿಗೆ ನಿಲ್ಲಲು ಎಡೆಯಿದೆಯೇ, ಮೆರವಣಿಗೆಗೆ ಅನುಮತಿ ಕೊಡುವವರು ಯಾರು ಎಂಬ ವಿಷಯಗಳು ಆಟದ ಪುಟಕ್ಕೆ ತೀರ ನೀರಸ, ನಗರದ ಪುಟಕ್ಕೆ ಅವು ಆಟದವರ ಸಂಗತಿ. ಎರಡು ಪುಟಗಳ ನಡುವಣ ಆ ಗೋಡೆಯ ಸಂದಿಯಲ್ಲಿ ಅವು ಬಿದ್ದುಹೋಗಿದ್ದುವು. ಕ್ರೀಡಾಂಗಣವೆಂಬುದು ಊರಿನೊಳಗಿನ ಒಂದು ಕಟ್ಟಡ. ಅದು ಊರಿನ ನೀರನ್ನು ಕುಡಿಯುತ್ತದೆ, ಊರಿನ ರಸ್ತೆಯನ್ನು ತುಂಬುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರು ನೀರಿಲ್ಲದೆ ಬಾಯಾರಿದಾಗ, ಚಿನ್ನಸ್ವಾಮಿಯ ಹುಲ್ಲಿಗೆ ಜಲಮಂಡಳಿಯು ಶುದ್ಧೀಕರಿಸಿದ ತ್ಯಾಜ್ಯಜಲವನ್ನು ಒದಗಿಸಿ ಪಂದ್ಯಗಳನ್ನು ಸಾಗಿಸಿದ್ದು ಇದಕ್ಕೆ ನಿದರ್ಶನ. ಕಂಠೀರವದಲ್ಲಿ ಓಟಗಾರರ ಅಭ್ಯಾಸಕ್ಕೂ ಫುಟ್‌ಬಾಲಿಗೂ ಒಂದೇ ಅಂಗಳ ಸಾಲದೆ ತಕರಾರು ನ್ಯಾಯಾಲಯದ ಮೆಟ್ಟಿಲೇರಿದ್ದೂ ಅಂತಹುದೇ. ಇವುಗಳನ್ನು ಕೂಲಂಕಷವಾಗಿ ಓದಿದ ಅಭಿಮಾನಿಗೆ ತನ್ನ ತಂಡದ ಮೇಲಣ ಪ್ರೀತಿಯು ಕುಂದುವುದಿಲ್ಲ. ಆ ಪ್ರೀತಿಗೆ ಪ್ರಶ್ನಿಸುವ ಅಧಿಕಾರವು ಕೂಡಿಕೊಳ್ಳುತ್ತದೆ.

ಈ ಎರಡು ಪುಟಗಳು ಬೆರೆತರೆ ಹೇಗಿರುತ್ತದೆಂಬುದನ್ನು ಕಾಣಬೇಕಾದರೆ ಕೊಡಗಿಗೆ ಹೋಗಬೇಕು. ಅಲ್ಲಿಯದು ಹಣದ ತಂಡಗಳ ಆಟವಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವು ಒಂದೊಂದು ವರ್ಷ ಒಂದೊಂದು ಮನೆತನದ ಆತಿಥ್ಯದಲ್ಲಿ ನಡೆದು ಬಂದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳನ್ನು ಒಂದೆಡೆ ಸೇರಿಸಿತು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವುದು ಅಲ್ಲಿ ಅಪರೂಪವಲ್ಲ. ಇಂತಹ ಉತ್ಸವದ ವಾರ್ತೆಯಲ್ಲಿ ಎಲ್ಲಿ ಆಟ ಮುಗಿದು ಎಲ್ಲಿ ಊರು ಮೊದಲಾಗುತ್ತದೆಂದು ಯಾವ ಸಂಪಾದಕನೂ ಗೆರೆಯೆಳೆಯಲಾರ; ಮಡಿಕೇರಿಯಿಂದ 1957ರಿಂದಲೂ ಹೊರಡುತ್ತಿರುವ ಶಕ್ತಿಯಂತಹ ಜಿಲ್ಲಾ ದಿನಪತ್ರಿಕೆಯ ಬಲವೇ ಈ ಬಗೆಯ ಸುದ್ದಿ. ಗೆದ್ದವರು ಯಾರೆಂದು ಕೇಳುವುದಕ್ಕೆ ಮುಂಚೆ ಯಾರ ಮನೆಯವರು ಆಡಿದರು ಎಂದು ಕೇಳುವ ಜನರಿರುವ ಕಡೆ ಪತ್ರಿಕೆಗೂ ಆಟಕ್ಕೂ ಏಕಕಾಲಕ್ಕೆ ಆಯುಷ್ಯ ಹೆಚ್ಚುತ್ತದೆ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳುವುದು ಕರ್ತವ್ಯ. ಊರಿನ ಅಭಿಮಾನವನ್ನು ಹೀಗೆ ಬೆಳೆಸಿದರೆ ಅದು ಸಂಕುಚಿತವಾಗಿ, ಹೊರಗಿನವರನ್ನು ಹಳಿಯುವುದರಲ್ಲಿ ಪರ್ಯವಸಾನವಾಗದೆ ಎಂಬುದು ಮೊದಲನೆಯದು. ಅನುಭವವು ಇದಕ್ಕೆ ವಿರುದ್ಧವಾಗಿದೆ. ಸಿಕಂದರಾಬಾದಿನಲ್ಲಿ ಹುಟ್ಟಿದ ಸುನಿಲ್ ಛೆಟ್ರಿಯನ್ನು ಬೆಂಗಳೂರು ತನ್ನವನೆಂದೇ ಸ್ವೀಕರಿಸಿತು. ಊರಿನವನಾಗುವುದಕ್ಕೆ ಆ ಊರಿನಲ್ಲಿ ಹುಟ್ಟಬೇಕಾದುದಿಲ್ಲ, ಅದರ ಸುಖದುಃಖಗಳಲ್ಲಿ ಭಾಗಿಯಾದರೆ ಸಾಕು ಎಂಬ ಔದಾರ್ಯವು ಊರನ್ನು ಬಲ್ಲವರಲ್ಲಿಯೇ ಹೆಚ್ಚು. ಎದುರಾಳಿಯನ್ನು ಹೀಯಾಳಿಸುವವನಿಗೆ ಸಾಮಾನ್ಯವಾಗಿ ತನ್ನ ತಂಡದ ಇತಿಹಾಸವೂ ತಿಳಿದಿರುವುದಿಲ್ಲ. ಅಂಗೈಯ ಮೊಬೈಲಿನಲ್ಲಿ ಜಗತ್ತಿನ ಸ್ಕೋರುಗಳೆಲ್ಲ ಕ್ಷಣಮಾತ್ರದಲ್ಲಿ ದೊರೆಯುತ್ತಿರುವಾಗ, ಜಿಲ್ಲೆಯ ಲೀಗ್ ಪಂದ್ಯದ ವಿವರ ಯಾರಿಗೆ ಬೇಕು ಎಂಬುದು ಎರಡನೆಯ ಆಕ್ಷೇಪ. ಜಗತ್ತಿನ ಸ್ಕೋರು ಎಲ್ಲೆಲ್ಲಿಯೂ ದೊರೆಯುವುದರಿಂದಲೇ ಅದನ್ನು ಮರುದಿನ ಅಚ್ಚುಮಾಡುವ ಪತ್ರಿಕೆಗೆ ಬೆಲೆ ಕಡಮೆಯಾಗಿದೆ. ಬೇರೆಲ್ಲಿಯೂ ದೊರೆಯದುದನ್ನು ಕೊಡುವ ಪತ್ರಿಕೆಗೆ ಆ ಭಯವಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗನಿಗೂ ಇದು ಸಲ್ಲುತ್ತದೆ. ದುಬೈಯಲ್ಲಿಯೋ ಡಲ್ಲಾಸಿನಲ್ಲಿಯೋ ಕುಳಿತವನಿಗೆ ಐಪಿಎಲ್ ಪಂದ್ಯವು ನಮ್ಮಷ್ಟೇ ಸುಲಭವಾಗಿ ಕಾಣುತ್ತದೆ. ತಾನು ಓದಿದ ಕಾಲೇಜಿನ ಮೈದಾನ ಉಳಿದಿದೆಯೋ ಕಟ್ಟಡವಾಯಿತೋ ಎಂಬುದನ್ನು ಮಾತ್ರ ಊರಿನ ಪತ್ರಿಕೆಯೇ ಹೇಳಬೇಕು.

ಆದುದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ, ದುಬಾರಿಯಾದುವೂ ಅಲ್ಲ. ಪ್ರತಿಯೊಂದು ಪತ್ರಿಕೆಯ ಜಿಲ್ಲಾ ಆವೃತ್ತಿಯೂ ತನ್ನ ವಲಯದ ಲೀಗ್ ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಪಂದ್ಯಗಳ ಫಲಿತಾಂಶಗಳನ್ನು, ಆಟಗಾರರ ಊರುಗಳ ಹೆಸರಿನೊಂದಿಗೆ, ನಿಯತವಾದ ಒಂದು ಅಂಕಣದಲ್ಲಿ ಪ್ರಕಟಿಸತಕ್ಕದ್ದು. ಊರಿನ ಹೆಸರಿಟ್ಟುಕೊಂಡ ತಂಡಗಳು ವರ್ಷಕ್ಕೆ ಎರಡು ಪಂದ್ಯಗಳನ್ನಾದರೂ ಆ ಊರಿನಲ್ಲಿ ಆಡಬೇಕೆಂಬುದನ್ನು ಕ್ರಿಕೆಟ್ ಸಂಸ್ಥೆಯು ಷರತ್ತಾಗಿ ವಿಧಿಸತಕ್ಕದ್ದು. ಹುಬ್ಬಳ್ಳಿಯ ರಾಜನಗರದಲ್ಲಿಯೂ ಶಿವಮೊಗ್ಗದ ನವುಲೆಯಲ್ಲಿಯೂ ಮೈದಾನಗಳು ಸಿದ್ಧವಾಗಿಯೇ ಇವೆ. ಕ್ರೀಡಾಂಗಣದ ಸುರಕ್ಷತೆಯ ವಿವರಗಳನ್ನು ಋತುವಿನ ಆರಂಭಕ್ಕೆ ಮುಂಚೆ ಸಾರ್ವಜನಿಕರ ಮುಂದಿರಿಸುವಂತೆ ನಗರಪಾಲಿಕೆಯನ್ನು ಒತ್ತಾಯಿಸುವವರು ಅಭಿಮಾನಿ ಸಂಘಗಳೇ ಆಗಬೇಕು. ಟಿಕೆಟ್ಟಿಗಾಗಿ ಇರುಳೆಲ್ಲ ಸಾಲು ನಿಲ್ಲುವ ಛಲವುಳ್ಳವರಿಗೆ ಒಂದು ಮನವಿ ಬರೆಯುವುದು ಕಷ್ಟವಲ್ಲ.

ತಂಡಗಳ ಒಡೆತನವು ಕೈಯಿಂದ ಕೈಗೆ ಸಾಗಬಹುದು, ಆಟಗಾರರು ಹರಾಜಿನಲ್ಲಿ ಬೇರೆ ನಗರಕ್ಕೆ ಹೋಗಬಹುದು, ಸಮವಸ್ತ್ರದ ಬಣ್ಣವೂ ಬದಲಾಗಬಹುದು. ಊರಿನ ಹೆಸರು ಮತ್ತು ಆ ಹೆಸರಿಗಾಗಿ ಕೂಗುವ ಜನ, ಇವೆರಡೇ ಅಲ್ಲಿ ಸ್ಥಿರವಾದುವು. ಹೆಸರು ತಮ್ಮದಾದ ಮೇಲೆ ಅದರ ಲೆಕ್ಕ ಕೇಳುವ ಹಕ್ಕೂ ಆ ಜನರದೇ. ಲೆಕ್ಕ ಕೇಳಬಲ್ಲವರಾಗಬೇಕಾದರೆ ಆಟದ ಪುಟದಿಂದ ಆರಂಭಿಸುವ ಓದುಗನು ಊರಿನ ಪುಟಕ್ಕೂ, ಊರಿನ ಪುಟದಲ್ಲಿಯೇ ನಿಲ್ಲುವ ಓದುಗನು ಆಟದ ಪುಟಕ್ಕೂ ದಾಟಬೇಕು, ಮತ್ತು ಆ ದಾಟುವಿಕೆಯನ್ನು ಸುಗಮಗೊಳಿಸುವ ಹೊಣೆಯನ್ನು ಪತ್ರಿಕೆಗಳು ಹೊರಬೇಕು.